ಹಳೇ ಬಟ್ಟೆ ಕೇಳಿಕೊಂಡು ನಾಲ್ಕು ಊರು

ಮಾಗಿಯ ಚಳಿಯಲ್ಲಿ ಮಧುಗಿರಿಯ ಬೆಳಗಿನ ಬಸ್ಸು ಒಂದೇ ಸಲಕ್ಕೆ ಹೊರಟಿದ್ದನ್ನು ನಾನು ನೋಡಿಲ್ಲ. ಅವತ್ತೂ ಕ್ಲೀನರು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವರಿದ್ದ. ಆ ಹೊತ್ತನ್ನು ನಾನು ಸುಮ್ಮನೆ ಕಳೆಯಲಿಲ್ಲ. ಕೊರಟಗೆರೆಗೆ ತಲೆಗೆ ನಾಲ್ಕಾಣೆ ಎಂದ ಏಜೆಂಟನಿಗೆ, "ಗಂಟು ಮೇಲೆ ಹಾಕಲ್ಲ, ಕಾಲ ಬುಡದಲ್ಲೇ ಇಟ್ಕತೀನಿ. ಇಬ್ರಿಗೂ ಸೇರಿ ಏಳಾಣೆ ಮಾಡು" ಎಂದೆ. ಬಸ್ಸು ಹೊರಡದೆ ಜನ ಗೊಣಗುತ್ತಿದ್ದರು, ಒಪ್ಪಿಕೊಂಡ. ಓದುಗರಿಗೆ ನನ್ನ ಸಲಹೆ: ಬಸ್ಸಿನ ಚಾರ್ಜನ್ನು ಎಂಜಿನ್ನು ಶುರುವಾಗುವ ಮೊದಲೇ ಮಾತಾಡಿ ಮುಗಿಸಿ. ಶುರುವಾದ ಮೇಲೆ ಏಜೆಂಟನ ಧ್ವನಿಯೇ ಬೇರೆ.

ಗಂಟಿನಲ್ಲಿದ್ದದ್ದು ನನ್ನ ಅಂಗಡಿಯ ಹೊಸ ಬಟ್ಟೆ: ಬಿಳುಪು ಮಾಡದ ಕೋರಾ, ತೆಳು ಮಲ್ಲು, ಹೂವಚ್ಚಿನ ಚೀಟಿ ಬಟ್ಟೆ, ಎಲ್ಲ ಗಜಗಟ್ಟಲೆ. ಪಕ್ಕದಲ್ಲಿ ಸೆರಗು ಹೊದ್ದು ಕೂತವಳು ನನ್ನ ಹೆಂಡತಿ ಪಾರ್ವತಮ್ಮ. ನಾವು ಹೊರಟಿದ್ದು ನಾನು ಕೌದಿ ಹೊಲಿಯುವುದನ್ನು ಕಲಿಯಲಿಕ್ಕೆ. ಅರವತ್ತರ ಹತ್ತಿರ ಬಂದ ಗಂಡಸು, ಅದೂ ಜವಳಿ ವ್ಯಾಪಾರಿ, ಸೂಜಿ ಹಿಡಿಯಲು ಊರೂರು ತಿರುಗುವುದೇ ಎಂದು ನಗುವವರು ನಗಲಿ. ಕಾರಣ ಕೇಳಿದ ಮೇಲೆ ನಗಿ.

ತಲೆಯ ಮೇಲೆ ಬಟ್ಟೆ ಹೊತ್ತು ಹಳ್ಳಿ ಹಳ್ಳಿಗೆ ಮಾರಿ, ಕೊನೆಗೆ ಪೇಟೆ ಬೀದಿಯಲ್ಲಿ ಸ್ವಂತ ಅಂಗಡಿ ಇಟ್ಟವನು ನಾನು. ಹೋದ ದೀಪಾವಳಿಗೆ ಅದನ್ನು ಮಗ ಮಹದೇವನಿಗೆ ಒಪ್ಪಿಸಿದೆ. ಬಾಯಲ್ಲಿ ಒಪ್ಪಿಸಿದೆ ಅಷ್ಟೆ. ದಿನಾ ಅವನಿಗಿಂತ ಮುಂಚೆ ಹೋಗಿ, ಗಲ್ಲಾಪೆಟ್ಟಿಗೆಯ ಪಕ್ಕದ ಗಾದಿಯ ಮೇಲೆ ಕೂತುಬಿಡುತ್ತಿದ್ದೆ. ಆ ಗಾದಿಯ ಕೆಂಪು ಮುಸುಕು ನಾನು ಕೂತೂ ಕೂತೂ ತೇಯ್ದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮಗ ಒಂದು ಬೆಲೆ ಹೇಳಿದರೆ ನಾನೊಂದು ಹೇಳುವೆ. ಗಿರಾಕಿಗಳ ಎದುರಿಗೇ ಮಾತಿಗೆ ಮಾತು. ಸಂಕ್ರಾಂತಿಯ ಮಾರನೆಯ ದಿನ ಮಹದೇವ ಗಜದಕೋಲನ್ನು ನನ್ನ ಮುಂದೆ ಇಟ್ಟು, "ಅಪ್ಪಯ್ಯ, ಒಂದು ಗಾದಿ ಮೇಲೆ ಇಬ್ರು ಕೂರಾಕಾಗಲ್ಲ. ನೀವೇ ಕೂತ್ಕಳಿ. ಶಿವರಾತ್ರಿ ಕಳೀತಿದ್ದಂಗೆ ನಾನು ದಾವಣಗೆರೆಗೆ ಹೋಗ್ಬುಡ್ತೀನಿ, ಎಲ್ಲಾನ ಗುಮಾಸ್ತೆ ಕೆಲಸ ನೋಡ್ಕತೀನಿ" ಎಂದ. ಕೂಗಾಡಿದ್ದರೆ ಹೆದರುತ್ತಿರಲಿಲ್ಲ. ತಣ್ಣಗೆ ಹೇಳಿದ.

ಅದಾದ ಮೇಲೆ ಒಂದು ಮಧ್ಯಾಹ್ನ ಪಾರ್ವತಮ್ಮ ಹರಿದ ಕೌದಿಯೊಂದಕ್ಕೆ ತೇಪೆ ಹಾಕುತ್ತಿದ್ದಳು. ಬೇಜಾರಿಗೆ ಸೂಜಿ ಕಿತ್ತುಕೊಂಡೆ. ತಲೆ ಎತ್ತಿದಾಗ ಹೊತ್ತು ಮುಳುಗಿತ್ತು. ಇಡೀ ಮಧ್ಯಾಹ್ನ ಅಂಗಡಿಯ ಕಡೆ ಹೋಗಿರಲಿಲ್ಲ, ಅಂಗಡಿಯ ನೆನಪೂ ಬಂದಿರಲಿಲ್ಲ! ಹೆಂಡತಿ ನನ್ನ ಮುಖ ನೋಡಿ, "ಸಿಕ್ತು ಕಣ್ರೀ ನಿಮ್ಗೆ ಔಷಧಿ. ನಡೀರಿ, ಕೊರಟಗೆರೆ ಚಿಕ್ಕಮ್ಮನ ತಾವ ಸರಿಯಾಗಿ ಕಲ್ತ್ಕಳಿ. ಇದ್ರಲ್ಲಿ ಕೈ ನಿಲ್ತೋ, ಮಗ ಮನೇಲಿ ಉಳೀತಾನೆ. ನಿಲ್ಲಲಿಲ್ವೋ, ಗಾದಿ ನಿಮ್ದು, ದಾವಣಗೆರೆ ಅವಂದು" ಎಂದಳು. ದಾರಿಯುದ್ದಕ್ಕೂ ಅಂಗಡಿಯ ಮಾತೆತ್ತಬಾರದು ಎಂಬುದು ಅವಳ ಷರತ್ತು.

ಕೊರಟಗೆರೆಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಪಾರ್ವತಮ್ಮನ ಚಿಕ್ಕಮ್ಮ ಗಂಗಮ್ಮ ಜಗಲಿಯ ಮೇಲೆ ಕೌದಿ ಹರಡಿಕೊಂಡೇ ಇದ್ದಳು. ನಾನು ಗಂಟು ಬಿಚ್ಚಿ, ಮದುವೆ ಜವಳಿ ತೋರಿಸುವ ಹಾಗೆ ಬಟ್ಟೆಗಳನ್ನು ಒಂದೊಂದಾಗಿ ಒದರಿ ಹಾಸಿದೆ. ಅವಳು ಮುಟ್ಟಿಯೂ ನೋಡಲಿಲ್ಲ.

"ಅಳಿಮಯ್ಯ, ಇದೇನ್ ಕೌದಿಗೋ, ಅಂಗಡಿ ಇಕ್ಕಾಕೋ?"

"ಒಳ್ಳೆ ಮಾಲು ಕಣತ್ತೆ. ಹೊಸಾದು. ಇಪ್ಪತ್ತು ವರ್ಷ ಬಾಳಿಕೆ."

"ಹೊಸಾದು ಅಂತ್ಲೇ ಬ್ಯಾಡ."

ನಾನು ಬಿಡಲಿಲ್ಲ. ಹಳೆಯದಕ್ಕಿಂತ ಹೊಸದು ಹೇಗೆ ಕೀಳಾದೀತು? ಜೀವಮಾನವೆಲ್ಲ ಅದನ್ನೇ ಮಾರಿದವನು ಒಪ್ಪುವುದಾದರೂ ಹೇಗೆ? ಅವಳು ವಾದ ಮಾಡಲಿಲ್ಲ. ನನ್ನ ಕೋರಾದ ಒಂದು ತುಂಡನ್ನೂ ತನ್ನ ಹಳೇ ಸೀರೆಯ ಒಂದು ತುಂಡನ್ನೂ ಜೋಡಿಸಿ, "ಹೊಲೀರಿ" ಎಂದು ಕೊಟ್ಟಳು. ಗಂಜಿಯಿಂದ ಗಟ್ಟಿಯಾದ ಕೋರಾದೊಳಗೆ ಸೂಜಿ ಇಳಿಯದೆ ಬೆರಳಿಗೆ ಇಳಿಯಿತು. ಹೇಗೋ ಅಂಗೈಯಗಲ ಹೊಲಿದೆ. ಅದನ್ನು ನೀರಲ್ಲಿ ಅದ್ದಿ ಬೇಲಿಯ ಮೇಲೆ ಒಣಗಲು ಹಾಕಿದಳು. ಮುದ್ದೆ, ಅವರೇಕಾಳಿನ ಸಾರು ಉಂಡು ಎದ್ದು ಬಂದು ನೋಡಿದರೆ, ಹಳೆಯದು ಇದ್ದ ಹಾಗೇ ಇದೆ, ಹೊಸದು ಕುಗ್ಗಿ ಅದನ್ನೂ ಎಳೆದುಕೊಂಡು, ಇಡೀ ತುಂಡು ಒಣಗಿದ ಹಾಗಲಕಾಯಿಯ ಹಾಗೆ ಸುರುಟಿಹೋಗಿದೆ!

ಪಾರ್ವತಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಇದನ್ನೇ ಇಷ್ಟು ವರ್ಷ ಜನಕ್ಕೆ ಕಟ್ಟಿದ್ದೀರಿ!"

"ಉಡೋ ಬಟ್ಟೆ ಬೇರೆ, ಹೊಲಿಯೋ ಬಟ್ಟೆ ಬೇರೆ ಬುಡವ್ವ" ಎಂದು ಗಂಗಮ್ಮನೇ ನನ್ನ ಮಾನ ಉಳಿಸಿದಳು. "ಕುಗ್ಗೋದೆಲ್ಲ ಕುಗ್ಗಿ ಮುಗಿದಿರೋ ಬಟ್ಟೆ ಬೇಕು ಅಳಿಮಯ್ಯ. ಒಗೆದೂ ಒಗೆದೂ ಮೆತ್ತಗಾಗಿರಬೇಕು."

ಅಲ್ಲಿ ಮೂರು ದಿನ ಇದ್ದೆವು. ಗಂಗಮ್ಮ ತನ್ನದೇ ಹಳೇ ಸೀರೆಯನ್ನು ಅಡಿಹಾಸಾಗಿ ಕೊಟ್ಟು, ಅಂಚಿನಿಂದ ಶುರುಮಾಡಿ ಸುತ್ತಲೂ ಹೊಲಿಯುತ್ತ ನಡುವಿಗೆ ಬರುವುದನ್ನು ಕಲಿಸಿದಳು. ಎಡಗೈ ಬಟ್ಟೆಯ ಕೆಳಗೆ ಇರಬೇಕು, ಸೂಜಿಯ ಮೊನೆಯನ್ನು ಬೆರಳೇ ಕಾಯುತ್ತ ಕೂತಿರಬೇಕು, ಚುಚ್ಚುವಷ್ಟರಲ್ಲಿ ಹಿಂದೆ ಸರಿಯಬೇಕು. ಸಾಲಿನಿಂದ ಸಾಲಿಗೆ ಹೆಬ್ಬೆರಳಿನ ಅಗಲ. ನನ್ನ ಮೊದಲ ಸಾಲು ಕುಡಿದವನು ನಡೆದ ದಾರಿಯ ಹಾಗಿತ್ತು. ಮೂರನೆಯ ದಿನದ ಸಾಲು ಉತ್ತ ಹೊಲದ ಹಾಗೆ ಬಂತು. ಆ ಸಾಲನ್ನು ಬೀದಿಯಲ್ಲಿ ಹೋಗುವವರಿಗೆಲ್ಲ ಕರೆದು ತೋರಿಸಬೇಕೆನಿಸಿತು. ಇಬ್ಬರಿಗೆ ತೋರಿಸಿಯೂ ಬಿಟ್ಟೆ. ಇನ್ನೊಂದು ಮಾತು, ಇದು ನನ್ನ ಹೆಚ್ಚುಗಾರಿಕೆ: ಯಾವ ಚೂರನ್ನು ಯಾವುದರ ಮೇಲೆ ಇಟ್ಟರೆ ದಪ್ಪ ಸಮ ಬರುತ್ತದೆಂದು ಚಿವುಟಿ ನೋಡಿಯೇ ಹೇಳಬಲ್ಲವನಾಗಿದ್ದೆ. "ನಂಗೆ ಇದು ಬರಾಕೆ ಹತ್ತು ಕೌದಿ ಆಯ್ತು ಕಣಮ್ಮ" ಎಂದು ಗಂಗಮ್ಮ ಪಾರ್ವತಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಇನ್ನು ಹಳೇ ಬಟ್ಟೆ ಬೇಕಿತ್ತು. ನನಗೇನು ಕೊರತೆ? ಸಿರಾ, ಪಾವಗಡದ ಕಡೆ ನಾನು ಬಟ್ಟೆ ಮಾರದ ಊರಿಲ್ಲ. ಮಾರಿದ್ದೆಲ್ಲ ಈಗ ಹಳೆಯದಾಗಿರಲೇಬೇಕು. ಗಂಗಮ್ಮ, "ಕೊಂಡ್ಕಬ್ಯಾಡಿ, ಕೇಳಿ ಇಸ್ಕಳಿ" ಎಂದಳು. ಆ ಮಾತು ನನ್ನ ತಲೆಗೆ ಹೋಗಲಿಲ್ಲ.

ಸಿರಾಕ್ಕೆ ಹೋಗಲು ಮತ್ತೆ ಮಧುಗಿರಿಗೆ ಬಂದು ಬಸ್ಸು ಬದಲಾಯಿಸಬೇಕು. ನಿಲ್ದಾಣದಿಂದ ನಮ್ಮ ಅಂಗಡಿಯ ತಗಡಿನ ಹಲಗೆ ಕಾಣುತ್ತದೆ. ಕಂಡಿತು. ಮಹದೇವ ಬಾಗಿಲಲ್ಲೇ ನಿಂತು ಯಾರಿಗೋ ಪಂಚೆ ಬಿಚ್ಚಿ ತೋರಿಸುತ್ತಿದ್ದ, ಮಡಿಕೆಯೇ ತಪ್ಪು. ನನ್ನ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು, ಇನ್ನೊಂದು ನೆಲಕ್ಕೆ ಇಳಿಯಿತು.

"ಎಲ್ಲಿಗೆ?" ಎಂದಳು ಪಾರ್ವತಮ್ಮ.

"ನೀರು ಕುಡ್ಕಂಡ್..."

"ಚೆಂಬು ನನ್ನ ತಾವೇ ಐತೆ. ಹತ್ತಿ."

ಹತ್ತಿದೆ. ಬಸ್ಸು ತಿರುಗುವವರೆಗೂ ಕಿಟಕಿಯ ಕಡೆ ಮುಖ ಹಾಕಲಿಲ್ಲ. ಕೌದಿ ತೊಡೆಯ ಮೇಲೆ ಹರಡಿಕೊಂಡು ಸೂಜಿಗೆ ದಾರ ಪೋಣಿಸಲು ಹೊರಟೆ. ಬಸ್ಸಿನ ಕುಲುಕಾಟದಲ್ಲಿ ಅದು ಬಡವನಹಳ್ಳಿ ಬರುವವರೆಗೂ ಆಗಲಿಲ್ಲ.

ಬಡವನಹಳ್ಳಿಯಲ್ಲಿ ಅವತ್ತು ಸಂತೆ. ಬಸ್ಸು ಅರ್ಧ ಗಂಟೆ ನಿಲ್ಲುತ್ತದೆ ಎಂದ ಡ್ರೈವರು. ಅರ್ಧ ಗಂಟೆಯಲ್ಲಿ ನಾನು ಒಂದು ಗಂಟು ಬಟ್ಟೆ ಮಾರಿದವನು, ಒಂದು ಗಂಟು ಕೊಳ್ಳಲಾರೆನೇ? ಹುಣಸೇಮರದ ಬುಡದಲ್ಲಿ ಹೊಸ ಬಟ್ಟೆ ಹರಡಿ, "ಬನ್ನಿ ತಾಯಂದಿರಾ, ಹಳೇದು ಕೊಡಿ, ಹೊಸಾದು ತಗಳ್ಳಿ! ಹರಿದ ಸೀರೆಗೆ ಹೊಸ ಕುಪ್ಪಸದ ಬಟ್ಟೆ!" ಎಂದು ಕೂಗಿದೆ. ಇಂಥ ಲಾಭದ ವ್ಯಾಪಾರವನ್ನು ಆ ಸಂತೆ ಹಿಂದೆ ಕಂಡಿರಲಾರದು. ಹೆಂಗಸರು ಸುತ್ತ ಸೇರಿದರು, ಬಟ್ಟೆ ಮುಟ್ಟಿದರು, ಮುಖ ಮುಖ ನೋಡಿಕೊಂಡರು. ಒಬ್ಬಳು ಕೈ ಹಿಂದೆಗೆದಳು.

"ಅಲ್ಲ ಕಣವ್ವ, ಮಧುಗಿರಿ ಸಾವ್ಕಾರ ಕಾಸಿಗೆ ಕಾಸು ಎಣಿಸೋನು. ಉಟ್ಟ ಸೀರೆ ತಗಂಡು ಹೊಸಾದು ಕೊಡ್ತೀನಿ ಅಂತಾನೆ ಅಂದ್ರೆ?"

"ಮಾಟ ಮಾಡ್ಸಾಕೇ ಇರ್ಬೇಕು. ಮೈಮೇಲಿಂದು ಯಾಕೆ ಕೇಳ್ತಾನೆ?"

"ನಡೀರೇ, ನಡೀರೇ!"

ಎಮ್ಮೆ ಕೊಳ್ಳಲು ಬಂದ ಮುದುಕನೊಬ್ಬ ನನ್ನ ಹಣೆಯ ವಿಭೂತಿಯನ್ನು ನೋಡಿ, "ಸ್ವಾಮೀ, ದೊಡ್ಡೋರ ಹಂಗೆ ಕಾಣ್ತೀರಿ, ನಿಮಗ್ಯಾಕೆ ಈ ಕಸುಬು?" ಎಂದು ಬುದ್ಧಿ ಹೇಳಿದ. ಬಸ್ಸಿನ ಹಾರನ್ನು ಕೇಳಿತು. ಹೊಸ ಬಟ್ಟೆಯನ್ನು ಬಾಚಿಕೊಂಡು ಓಡಿದೆ. ಪಾರ್ವತಮ್ಮ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. "ನಿಮ್ಮ ಕೈಯಾಗೆ ಮೋಸ ಹೋದೋರನ್ನ ಕಂಡಿದ್ದೆ, ದಾನಕ್ಕೆ ಹೆದ್ರಿ ಓಡಿದೋರನ್ನ ಇವತ್ತೇ ಕಂಡಿದ್ದು!" ನಿಜ ಹೇಳಬೇಕೆಂದರೆ ನನಗೂ ನಗು ಬಂತು. ಹೆಚ್ಚು ಕೊಟ್ಟು ಕೆಟ್ಟ ವ್ಯಾಪಾರ ನನ್ನ ಬದುಕಿನಲ್ಲಿ ಅದೊಂದೇ.

ಸಿರಾದಲ್ಲಿ ಛತ್ರದಲ್ಲಿ ಇಳಿದುಕೊಂಡೆವು. ಮಾರನೆಯ ದಿನ ಹಲೀಮಾಬಿಯ ಮನೆಗೆ ಹೋದೆವು. ಅವಳ ಗಂಡ ಹತ್ತಿ ಹಿಂಜುವವನು. ಅವಳು ರಜಾಯಿ ಹೊಲಿಯುವವಳು. ಹಾಸಿಗೆಗೆ ಬೇಕಾದ ದಪ್ಪ ಬಟ್ಟೆಯನ್ನು ಎಷ್ಟೋ ವರ್ಷ ನನ್ನಿಂದಲೇ ಒಯ್ದವರು.

"ಅರೇ ಸಾವ್ಕಾರ್ರೇ, ಅಮ್ಮನೂ ಬಂದವ್ರೆ! ಬನ್ನಿ, ಬೈಠೋ!" ಎಂದು ಚಾಪೆ ಹಾಸಿದಳು. ನಾವು ಅವರಲ್ಲಿ ಬೇಯಿಸಿದ್ದು ತಿನ್ನುವವರಲ್ಲ ಎಂದು ಗೊತ್ತಿದ್ದವಳು, ಅಂಗಡಿಯಿಂದ ಬಾಳೆಹಣ್ಣು ತರಿಸಿಟ್ಟಳು. ಬಡವನಹಳ್ಳಿಯ ಕಥೆ ಕೇಳಿ ಅವಳೂ ನಕ್ಕಳು. ಆಮೇಲೆ ಹೇಳಿದಳು:

"ಮೈಗೆ ತಾಗಿದ ಬಟ್ಟೆ ಸಾವ್ಕಾರ್ರೇ. ಯಾತಕ್ಕೆ ಅಂತ ಗೊತ್ತಿಲ್ದೆ ಯಾರ್ ಕೊಡ್ತಾರೆ? ನೀವು ಬದಲಿಗೆ ಮಾಲು ತೋರ್ಸಿದ್ರಿ, ಅವರಿಗೆ ಡರ್ ಆಯ್ತು. ಮಾಲು ತೋರ್ಸ್ಬೇಡಿ, ಸೂಜಿ ತೋರ್ಸಿ."

"ಅಂದ್ರೆ?"

"ಅವರ ಕಣ್ಣೆದುರಿಗೇ ಕೂತು ಹೊಲೀರಿ. ಕೊಟ್ಟೋರ ಕೈಯಲ್ಲೇ ಮೊದಲ್ನೇ ಟಾಂಕಾ ಹಾಕ್ಸಿ. ಆ ಹೊಲಿಗೆ ಬಿತ್ತೋ, ಬಟ್ಟೆ ಅವರದ್ದಲ್ಲ, ರಜಾಯಿದು. ಆಮೇಲೆ ಹೆದರಿಕೆ ಇಲ್ಲ. ನಮ್ಮ ಅಮ್ಮಾನೂ ಇದೇ ಮಾಡ್ತಿದ್ಳು."

ಅವಳ ಜಗಲಿಯ ಮೇಲೆಯೇ ಕೂತೆ. ಮೂವತ್ತು ವರ್ಷದಿಂದ ಜನರನ್ನು ಕೂಗಿ ಕರೆದವನು ಅವತ್ತು ಬಾಯಿ ಮುಚ್ಚಿ ಹೊಲಿದೆ. ಅದು ಎಷ್ಟು ಕಷ್ಟ ಎಂದು ವ್ಯಾಪಾರಿಗಳಿಗೆ ಮಾತ್ರ ಗೊತ್ತು. ಆದರೆ ಏನಾಯಿತು ಗೊತ್ತೇ? ಕೂಗಿದರೆ ದೂರ ಸರಿದವರು, ಕೂಗದಿದ್ದರೆ ಹತ್ತಿರ ಬಂದರು! ಮೊದಲು ಬಂದದ್ದು ಕಂಬಳಿ ಮಾರುವ ಕುರುಬರ ಹೆಂಗಸು. ನಿಂತು ನೋಡಿ, "ಯಜಮಾನ್ರೇ, ನಿಮ್ಗೆ ಹೆಣ್ಮಕ್ಳಿಲ್ವಾ?" ಎಂದು ಕೇಳಿದಳು.

"ಹೆಂಡ್ತಿ ಇದ್ದಾಳೆ. ಅವಳಿಗಿಂತ ನಂದೇ ಚೆನ್ನಾಗದೆ ನೋಡು."

ಪಾರ್ವತಮ್ಮ ಮೂಗು ಮುರಿದಳು. ಆ ಹೆಂಗಸು ನಕ್ಕು ಹೋದವಳು, ಸ್ವಲ್ಪ ಹೊತ್ತಿಗೆ ಗಂಡನ ಹಳೇ ರುಮಾಲಿನ ತುಂಡು ಹಿಡಿದು ಬಂದಳು. ಸೂಜಿ ಕೊಟ್ಟೆ. ಒಂದು ಹೊಲಿಗೆ ಹಾಕಿ, "ಹೋಗು, ಇನ್ಯಾರನ್ನಾನ ಬೆಚ್ಚಗಿಡು" ಎಂದು ಬಟ್ಟೆಗೇ ಹೇಳಿದಳು. ಸಂಜೆಯೊಳಗೆ ಖಾದಿ ಟೋಪಿಯ ಮೇಷ್ಟರೊಬ್ಬರು ಸವೆದ ಜುಬ್ಬ ತಂದುಕೊಟ್ಟು, ತಾವೇ ನೂತ ನೂಲಿನದು ಎಂದು ಎರಡು ಹೊಲಿಗೆ ಹಾಕಿದರು. ಹಲೀಮಾಬಿ ತನ್ನ ಹಳೇ ಓಢಣಿಯ ಹಸಿರು ಅಂಚು ಕೊಟ್ಟಳು. ಉದ್ದ ಸೂಜಿಯೊಂದನ್ನೂ ಕೊಟ್ಟಳು. ಸೂಜಿಗೆ ಬೆಲೆ ಕೇಳಿದೆ. "ಚೌಕಾಶಿ ಮಾಡೋದಾದ್ರೆ ಕೊಡಲ್ಲ" ಎಂದಳು. ಮಾಡಲಿಲ್ಲ.

ಸಿರಾದಲ್ಲಿ ಒಂದು ವಾರ ಉಳಿದುಬಿಟ್ಟೆವು. ಬೆಳಿಗ್ಗೆ ಎದ್ದರೆ ಕೌದಿಯದೇ ಯೋಚನೆ: ಇವತ್ತು ಯಾವ ಬಣ್ಣ ಬರುತ್ತದೆ, ಯಾರು ತರುತ್ತಾರೆ! ಪ್ರತಿ ತುಂಡನ್ನೂ ಬೆರಳಲ್ಲಿ ಉಜ್ಜಿ, "ಇದು ನಾನೇ ಕೊಟ್ಟಿದ್ದು, ವಿಲಾಯಿತಿ ಮಲ್ಲು, ನಿಮ್ಮ ಮಗಳ ಮದುವೇಲಿ ಒಯ್ದಿದ್ದು" ಎಂದರೆ ಜನ ಬಾಯಿ ಬಿಡುತ್ತಿದ್ದರು. ಮಾರಿದ ಮಾಲು ಹೀಗೆ ಬಾಳಿ ಬದುಕಿ ಮೆತ್ತಗಾಗಿ ಎದುರಿಗೆ ಬಂದು ಕೂರುತ್ತದೆಂದು ನಾನು ಎಣಿಸಿರಲಿಲ್ಲ.

ಅಲ್ಲಿಂದ ಪಾವಗಡಕ್ಕೆ ಬಸ್ಸು ಮಡಕಶಿರದ ಮೇಲೆ, ಇಂಗ್ಲಿಷರ ಸೀಮೆಯಲ್ಲಿ ಹಾದು ಹೋಗುತ್ತದೆ. ರಸ್ತೆ ಹದಗೆಟ್ಟಿತ್ತು, ಧೂಳು ಹುಬ್ಬಿನ ಮೇಲೆ ಕೂತಿತ್ತು, ದಾರಿಯಲ್ಲಿ ತಿನ್ನಲು ಹುರಿದ ಕಡಲೇಕಾಯಿ ಬಿಟ್ಟರೆ ಏನೂ ಸಿಗಲಿಲ್ಲ. ಚಾರ್ಜು ಎಷ್ಟೆಂದು ಓದುಗರಿಗೆ ಹೇಳಬೇಕಿತ್ತು, ನನಗೆ ಗೊತ್ತಿಲ್ಲ. ನಾನು ಕೌದಿಯ ಒಂದು ಮೂಲೆಯಲ್ಲಿ ಹೊಲಿಗೆ ತಿರುಗಿಸುತ್ತಿದ್ದೆ, ಪಾರ್ವತಮ್ಮ ಕೊಟ್ಟಳು. ಕೇಳಿದಷ್ಟೇ ಕೊಟ್ಟಳೆಂದು ಆಮೇಲೆ ತಿಳಿಯಿತು.

ಪಾವಗಡದಲ್ಲಿ ನರಸಮ್ಮ ಎಂಬ ಮುದುಕಿ. ನಾನು ತಲೆಹೊರೆಯಲ್ಲಿ ಬಟ್ಟೆ ಮಾರುತ್ತಿದ್ದ ಕಾಲದಲ್ಲಿ ನನ್ನ ಜೊತೆ ಸಮಸಮ ಚೌಕಾಶಿ ಮಾಡಿದವಳು ಅವಳೊಬ್ಬಳೇ. ನನ್ನ ಕೈಯಲ್ಲಿ ಸೂಜಿ ನೋಡಿ ಕೆನ್ನೆಯ ಮೇಲೆ ಕೈ ಇಟ್ಟುಕೊಂಡಳು.

"ಏಂ ಸಾಮೀ, ಮಗೋಡು ಬೊಂತ ಕುಟ್ಟೇದಿ ಯಾಡಾ ಸೂಡ್ಲೇದು!" ಆಮೇಲೆ ನಮಗಾಗಿ ಕನ್ನಡಕ್ಕೆ ಬಂದಳು. "ಗಂಡಸು ಕೌದಿ ಹೊಲಿಯಾದು ಎಲ್ಲೂ ನೋಡಿಲ್ಲ ಕಣಪ್ಪ. ಅಂಗಡಿ ಏನಾಯ್ತು?"

ಪಾರ್ವತಮ್ಮ ನನ್ನನ್ನೇ ನೋಡುತ್ತಿದ್ದಳು. "ಅಂಗಡಿ ಮಾತು ಬ್ಯಾಡ, ಬಟ್ಟೆ ಇದ್ರೆ ಕೊಡಮ್ಮ" ಎಂದೆ.

ನರಸಮ್ಮ ಒಳಗಿಂದ ಒಂದು ಸೀರೆ ತಂದು ನನ್ನ ಮುಖಕ್ಕೇ ಹಿಡಿದಳು. "ನೀನೇ ಕೊಟ್ಟಿದ್ದು. ಬಣ್ಣ ಹೋಗಲ್ಲ ಅಂತ ಆಣೆ ಇಟ್ಟಿದ್ಯಲ್ಲ, ನೋಡು!"

"ಅವಾಗ ಕೆಂಪಗೆ ಕಣ್ಣಿಗೆ ಹೊಡೆಯೋದು ನರಸಮ್ಮ. ಈಗ ಎಂಥ ಹದಕ್ಕೆ ಬಂದಿದೆ! ಇದಕ್ಕೇ ಅವತ್ತು ನಾಲ್ಕಾಣೆ ಜಾಸ್ತಿ ಹೇಳಿದ್ದು."

"ಸತ್ರೂ ಸೋಲಲ್ಲ ಈವಯ್ಯ!" ಎಂದು ಅವಳು ಸೂಜಿ ಕಿತ್ತುಕೊಂಡು ತನ್ನ ಹೊಲಿಗೆ ಹಾಕಿದಳು. ಜೋಳದ ರೊಟ್ಟಿ, ಕಡಲೇಕಾಯಿ ಚಟ್ನಿ ಬಡಿಸಿದಳು. ಅದರ ರುಚಿ ಇನ್ನೂ ನಾಲಿಗೆಯ ಮೇಲಿದೆ. ಆ ಕಡೆ ಹೋದವರು ಚಟ್ನಿಯನ್ನು ಎರಡು ಸಲ ಹಾಕಿಸಿಕೊಳ್ಳಿ.

ನಾಲ್ಕನೆಯ ದಿನ ಕೌದಿಯನ್ನು ಅಂಗಳದಲ್ಲಿ ಹಾಸಿದೆವು. ಒಬ್ಬರು ಹೊದೆಯುವಷ್ಟು ಚಿಕ್ಕದು. ಆದರೆ ನೆಲಕ್ಕೆ ಅಂಟಿದ ಹಾಗೆ ಮಟ್ಟಸವಾಗಿ ಮಲಗಿತು, ಎಲ್ಲೂ ಸುಕ್ಕಿಲ್ಲ! ನಾನು ಸುತ್ತ ಒಂದು ಪ್ರದಕ್ಷಿಣೆ ಬಂದೆ. ನಡುವೆ ಮಾತ್ರ ಗೇಣಗಲದ ಜಾಗ ಬರಿದಾಗಿ ಉಳಿದಿತ್ತು. ನರಸಮ್ಮನನ್ನು ಇನ್ನೊಂದು ತುಂಡು ಕೇಳಿದೆ.

"ಕೊಡಲ್ಲ. ನಡೂಕೆ ನಿನ್ ಮನೇದೇ ಹಾಕು. ಗಟ್ಟೀದು ಹಾಕು. ಬರೀ ಊರೋರ ಬಟ್ಟೇನೇ ಹೊದ್ಕಂಡು ಮಲಗ್ತೀಯೇನು?"

ಪಾವಗಡದಿಂದ ಮಿಡಿಗೇಶಿಯ ದಾರಿಯಲ್ಲಿ ಊರಿಗೆ ಹೊರಟೆವು. ಮನೆಯಲ್ಲಿ ಏನಿದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನನ್ನ ಪಂಚೆಗಳು ತೆಳು. ಪಾರ್ವತಮ್ಮನ ಸೀರೆಗಳು ಗಟ್ಟಿ, ಆದರೆ ಇನ್ನೂ ಉಡುತ್ತಿದ್ದಾಳೆ. ಕೇಳಿದರೆ ಬಸ್ಸಿನಿಂದ ತಳ್ಳುತ್ತಾಳೆ. ಮಧುಗಿರಿಯ ಬಂಡೆ ಕಣ್ಣಿಗೆ ಬಿದ್ದಾಗ ಥಟ್ಟನೆ ಹೊಳೆಯಿತು. ಹೊಳೆದದ್ದನ್ನು ಅವಳಿಗೆ ಹೇಳಲಿಲ್ಲ.

ಬಸ್ಸು ಇಳಿದು ನೆಟ್ಟಗೆ ಅಂಗಡಿಗೆ ನಡೆದೆ. ಹಿಂದೆ ಬರುತ್ತಿದ್ದ ಪಾರ್ವತಮ್ಮನ ಬಳೆ ಸದ್ದು ನಿಂತಿತು. ಮತ್ತೆ ಗಾದಿಗೇ ಹೊರಟೆನೆಂದುಕೊಂಡಿರಬೇಕು. ಅಂಗಡಿಯಲ್ಲಿ ರೈತರ ಹೆಂಗಸೊಬ್ಬಳು ಸೀರೆಗೆ ಚೌಕಾಶಿ ಮಾಡುತ್ತಿದ್ದಳು. ಮಹದೇವ ಎರಡಾಣೆ ಇಳಿಸಿದ. ನಾನಾಗಿದ್ದರೆ ಒಂದೇ ಆಣೆ.

"ನೋಡಿ ಯಜಮಾನ್ರೇ, ನಿಮ್ಮ ಮಗ ಇನ್ನೂ ಬಿಡ್ತಿಲ್ಲ. ನೀವಾನ ಹೇಳಿ" ಎಂದು ಅವಳು ನನ್ನ ಕಡೆ ತಿರುಗಿದಳು.

ಬಾಯಿ ತೆರೆದೆ. ಮುಚ್ಚಿದೆ. "ಬೆಲೆ ಅವನನ್ನೇ ಕೇಳಮ್ಮ" ಎಂದೆ.

ಮಹದೇವ ನನ್ನನ್ನು ನೋಡಿ, ಸೀರೆ ಕೆಳಗಿಟ್ಟು, ಗಾದಿಯಿಂದ ಎದ್ದ. "ಕೂತ್ಕಳಿ ಅಪ್ಪಯ್ಯ" ಎಂದ. ಆ ಧ್ವನಿಯಲ್ಲಿ ದಾವಣಗೆರೆಯ ಬಸ್ಸು ಆಗಲೇ ಹೊರಟಿತ್ತು.

"ಕೂರಾಕೆ ಬಂದಿಲ್ಲ ಕಣಪ್ಪ. ಗಾದಿ ಮುಸುಕು ಬೇಕಾಗದೆ. ಕೌದಿ ನಡೂಕೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೊಲಿಗೆ ಬಿಡಿಸಿ ಮುಸುಕು ತೆಗೆದುಕೊಟ್ಟ. ಗಿರಾಕಿಯ ಮುಂದೆಯೇ ಕೌದಿ ಹರಡಿದೆ. ಆ ಹೆಂಗಸು ಸೀರೆ ಮರೆತು ಅದನ್ನೇ ಸವರತೊಡಗಿದಳು. ತೇಯ್ದ ಕೆಂಪನ್ನು ಗೇಣಗಲಕ್ಕೆ ಕತ್ತರಿಸಿ ನಡುವೆ ಇಟ್ಟೆ. ಅಳೆದು ಮಾಡಿಸಿದ ಹಾಗೆ ಕೂತಿತು.

"ಮೊದಲ್ನೇ ಹೊಲಿಗೆ ಬಟ್ಟೆ ಯಾರದೋ ಅವರು ಹಾಕ್ಬೇಕಲ್ವಾ?" ಎಂದಳು ಪಾರ್ವತಮ್ಮ, ಎಲ್ಲೋ ನೋಡುತ್ತ. "ಯಾರದು ಇದು?"

ಸೂಜಿ ನನ್ನ ಕೈಯಲ್ಲೇ ಇತ್ತು. ಆ ಬಟ್ಟೆಯನ್ನು ಕೆಂಪಗಿದ್ದಾಗ ತಂದು ಹಾಕಿಸಿದವನು ನಾನು. ತೇಯಿಸಿದವನು ನಾನು.  ಆದರೂ ದಾರ ಪೋಣಿಸಿ, ಸೂಜಿಯನ್ನು ಮಹದೇವನ ಮುಂದೆ ಹಿಡಿದೆ.

"ನಂಗೆ ಬರಲ್ಲ ಅಪ್ಪಯ್ಯ."

"ನಂಗೂ ಬರ್ತಿರಲಿಲ್ಲ. ಹಾಕು."

ಹಾಕಿದ. ಮತ್ತೆ ಗಾದಿಯ ಮೇಲೆ, ಬರೀ ಹತ್ತಿಯ ಬಿಳಿ ಹಾಸಿನ ಮೇಲೆ ಕೂತು, ಕೆಳಗಿಟ್ಟಿದ್ದ ಸೀರೆ ಎತ್ತಿಕೊಂಡ. ನಾನು ಕೌದಿ ಸುತ್ತಿ ಹೆಗಲ ಮೇಲೆ ಹಾಕಿಕೊಂಡೆ. ಬೀದಿಯ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದಾಗ ಅವನು ಗಜದಕೋಲು ಹಿಡಿದು ಅಳೆಯುತ್ತಿದ್ದ. ನನ್ನ ಕಡೆ ನೋಡಲಿಲ್ಲ.

ಉಳಿದ ಹೊಲಿಗೆಯನ್ನು ಆ ಸಂಜೆ ನಮ್ಮ ಜಗಲಿಯಲ್ಲೇ ಮುಗಿಸಿದೆ. ಮಗ ಹಾಕಿದ ಹೊಲಿಗೆ ಸೊಟ್ಟಗಿತ್ತು, ಬೆರಳುದ್ದ ಇತ್ತು. ಬಿಚ್ಚಿ ಸರಿಮಾಡಲು ಒಂದು ಗಳಿಗೆ ಸಾಕಿತ್ತು. ನಾನು ಅದರ ಸುತ್ತ ಹೊಲಿದೆ.